ಬಂಡೆಗೆ ನಡೆದು ಹೋದ ದಾರಿ

ಕುಮಟಾದ ಆಚೆ, ಕಡಲಂಚಿನ ದಿಬ್ಬದ ಕೆಳಗೆ, ಕಲ್ಲುಗಳ ಸಂದಿಯಲ್ಲಿ ಜಂಬುನಾಥನ ಹೆಣ ಸಿಕ್ಕಾಗ ಬೆಳಿಗ್ಗೆ ಒಂಬತ್ತು. ತಲೆ ಒಡೆದಿತ್ತು. ಸಿರುಗುಪ್ಪದ ಗದ್ದೆ ಬಿಟ್ಟು ಅರವತ್ತರ ವಯಸ್ಸಿನಲ್ಲಿ ಮೊದಲ ಸಲ ಕಡಲು ನೋಡಲು ಹೋದವನು. ಬಾಡಿಗೆ ಕ್ಯಾರವಾನಿನಲ್ಲಿ ಜೊತೆಗಿದ್ದವರು ಇಬ್ಬರೇ — ಕುರುಗೋಡಿನ ತಮ್ಮ ಚನ್ನಬಸವರಾಜ, ಕೌಲ್ ಬಜಾರಿನ ಡ್ರೈವರ್ ಅಂಜಿನಿ.

ಬಂಡೆ ಹತ್ತಿ ಕಾಲು ಜಾರಿದ ಸಾವು ಎಂದು ಅಲ್ಲಿಯ ಠಾಣೆ ಬರೆದುಕೊಂಡಿತು. ಮಣ್ಣು ಮಾಡಿದ ಮೂರನೇ ದಿನ ಹೆಂಡತಿ ಸುವರ್ಣಮ್ಮ ಬಳ್ಳಾರಿಯಲ್ಲಿ ಸಬ್ ಇನ್ಸ್‌ಪೆಕ್ಟರ್ ಜಯಶ್ರೀ ಮುಂದೆ ಕೂತಳು. ಮೊಣಕಾಲು ನೋವಿನ ಗಂಡ ಬಂಡೆ ಹತ್ತಿದನೆಂದರೆ ತಾನು ನಂಬುವುದಿಲ್ಲ ಎಂದಳು. ಇನ್ನೊಂದನ್ನೂ ಹೇಳಿದಳು. ಕುರುಗೋಡು ರಸ್ತೆಯಲ್ಲಿ ಕೂಲಿಯಾಳು ಓಬಣ್ಣನ ಮೇಲೆ ಟ್ರ್ಯಾಕ್ಟರ್ ಹರಿದ ಕೇಸಿನಲ್ಲಿ ಗಂಡ ಬರುವ ಸೋಮವಾರ ಸಾಕ್ಷಿ ಹೇಳಬೇಕಿತ್ತು. ಓಡಿಸಿದವನನ್ನು ಕಂಡಿದ್ದು ಅವನೊಬ್ಬನೇ. ಹೆಸರನ್ನು ಹೆಂಡತಿಗೂ ಹೇಳಿರಲಿಲ್ಲ.

ಚನ್ನಬಸವರಾಜನನ್ನು ಕರೆಸಿದರು. ಅವನು ಅತ್ತ. ಕುಡಿದು ಗಾಡಿ ಓಡಿಸಿದ್ದಕ್ಕೆ ಅಣ್ಣ ಅಂಜಿನಿಯನ್ನು ಬೈದಿದ್ದನಂತೆ, ಆ ಸಿಟ್ಟಿಗೆ ಅವನೇ ನೂಕಿದ್ದಂತೆ. ಊರು ಮುಟ್ಟುವ ತನಕ ಸ್ಟೇರಿಂಗ್ ಅವನ ಕೈಯಲ್ಲಿತ್ತು, ಅದಕ್ಕೇ ಬಾಯಿ ಬಿಡಲಿಲ್ಲ ಎಂದ.

ಅಂಜಿನಿ ಲಾಕಪ್ಪಿಗೆ ಹೋದ. ಬೆಳಗಾದರೆ ಕೊಲೆ ಕೇಸಿನಲ್ಲಿ ಕೋರ್ಟಿಗೆ. ಆ ಬೆಳಿಗ್ಗೆ ತಾನು ಮೀನು ಮಾರುವ ಹೆಂಗಸಿನ ಮನೆಗೆ ಕ್ಯಾನು ಹಿಡಿದು ಕುಡಿಯುವ ನೀರಿಗೆ ಹೋಗಿದ್ದೆ ಎಂಬುದೊಂದೇ ಅವನ ಮಾತು. ಠಾಣೆಯ ಮೆಟ್ಟಿಲ ಮೇಲೆ ಅವನ ತಾಯಿ ಹುಲುಗಮ್ಮ ಊಟ ಬಿಟ್ಟು ಕೂತಿದ್ದಳು.

ಜಯಶ್ರೀ ಚನ್ನಬಸವರಾಜನನ್ನು ಮತ್ತೆ ಕೇಳಿದಳು.

“ನೀವೆಲ್ಲಿದ್ರಿ?”

“ದಿಬ್ಬದ ಮ್ಯಾಲ ಗಾಡಿ ನಿಂತಿತ್ತು, ಅದರ ಮೆಟ್ಟಿಲ ಮ್ಯಾಲ ಕುಂತಿದ್ದೆ. ಆರೂವರಿ ಆಗಿತ್ತು. ಅಣ್ಣ ಮುಂದ, ಅಂಜಿನಿ ಹಿಂದ. ಮರಳಾಗ ನಡಕೊಂತ ಆ ದೊಡ್ಡ ಕಲ್ಲಿಗೆ ಹೋದ್ರು. ಇವನೊಬ್ಬನ ತಿರುಗಿ ಬಂದ.”

“ನೀರಾಗ ಇಳದ್ರೇನು?”

“ನೀರೆಲ್ಲಿತ್ತು ಮೇಡಂ? ಅಣ್ಣ ಚಪ್ಪಲಿ ಸೈತ ತೆಗೀಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಮೂವರೂ ಅಲ್ಲೇ ನಡದು ಫೋಟೋ ಹೊಡಕೊಂಡೀವಿ.”

“ಬೆಳಿಗ್ಗಿನೂ ಹಂಗ ಇತ್ತೇನು?”

“ಹಂಗ ಇತ್ತು. ಮಳಿ ಇಲ್ಲ, ಏನಿಲ್ಲ — ನೀರು ಯಾಕ ಏರತೈತಿ?”

ಜಯಶ್ರೀಗೂ ಅದು ಸರಿಯೆನಿಸಿತು. ಅವಳೂ ಸಿರುಗುಪ್ಪದ ಕಾಲುವೆ ಪಕ್ಕ ಬೆಳೆದವಳು.

ಮೀನಿನವಳಿಗೆ ಫೋನ್ ಮಾಡಿದಳು. ನೀರಿಗೆ ದಿನಾ ಹತ್ತು ಜನ ಬರುತ್ತಾರೆ, ಯಾರು ಯಾವಾಗ ಬಂದರೆಂದು ನೆನಪಿಲ್ಲ ಎಂದಳು ಆಕೆ. ಆದರೆ ಆ ಕಲ್ಲಿನ ವಿಷಯ ಬಂದಾಗ ನಕ್ಕುಬಿಟ್ಟಳು. ಜಯಶ್ರೀ ಕೂಡಲೇ ಬಂದರಿನ ಕಚೇರಿಯಿಂದ ಒಂದು ಪಟ್ಟಿ ತರಿಸಿಕೊಂಡಳು. ಆಮೇಲೆ ಎಲ್ಲರನ್ನೂ ಒಳಗೆ ಕರೆದಳು.

“ಕಾಲುವಿ ನೀರು ಗೇಟ್ ಎತ್ತಿದ್ರ ಏರತೈತಿ,” ಎಂದಳು. “ಕಡಲಿಗೆ ಗೇಟ್ ಇಲ್ಲ. ಅದು ದಿನಕ್ಕ ಎರಡು ಸಲ ತಾನ ಏರಿ, ತಾನ ಇಳಿತೈತಿ. ನಮ್ಮ ಕಡಿ ಮಂದಿಗೆ ಇದು ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ.”

ಕಡಲು ಏರಿಳಿಯುವ ಹೊತ್ತು ಬರೆದಿದ್ದ ಆ ಪಟ್ಟಿಯನ್ನು ಚನ್ನಬಸವರಾಜನ ಮುಂದೆ ಸರಿಸಿದಳು. ಫೋಟೋ ತೆಗೆದ ಮಧ್ಯಾಹ್ನ ನೀರು ಇಳಿದಿತ್ತು. ಮರುದಿನ ಆರೂವರೆಗೆ ಪೂರ್ತಿ ಏರಿತ್ತು — ಆ ಕಲ್ಲಿನ ಸುತ್ತ ಸೊಂಟದ ಮಟ್ಟ.

“ಚಪ್ಪಲಿ ಹಾಕ್ಕೊಂಡು ಇಬ್ರು ನಡದಿದ್ದನ್ನ ನೀ ನೋಡಿಲ್ಲ. ಮಧ್ಯಾಹ್ನ ಕಂಡ ದಾರೀನ ಬೆಳಿಗ್ಗಿಗೆ ತಂದು ಹಾಕಿದಿ. ನಿಮ್ಮಣ್ಣ ಬಿದ್ದದ್ದು ಗಾಡಿ ನಿಂತಿದ್ದ ದಿಬ್ಬದ ಅಂಚಿಂದ. ಅಂಜಿನಿ ಕ್ಯಾನು ಹಿಡಕೊಂಡು ನೀರಿಗೆ ಹೋದಾಗ ಅಲ್ಲಿದ್ದವ ನೀ ಒಬ್ಬನ. ಟ್ರ್ಯಾಕ್ಟರ್ ಓಡಿಸಿದವನೂ ನೀನ ಅಲ್ಲೇನು?”

ಅವನು ಪಟ್ಟಿಯನ್ನು ಹಿಂದಕ್ಕೆ ಸರಿಸಿದ.

“ನನ್ನ ಹೆಸರು ಹೇಳಬ್ಯಾಡ ಅಂತ ಕಾಲು ಹಿಡದೆ. ಒಲ್ಲೆ ಅಂದ.”

ಅಂಜಿನಿಯನ್ನು ಬಿಟ್ಟರು. ಹುಲುಗಮ್ಮ ಮಗನ ಮುಖ, ಕೈ, ಬೆನ್ನು ಮುಟ್ಟಿ ಮುಟ್ಟಿ ನೋಡಿದಳು. ಇಬ್ಬರೂ ಕೌಲ್ ಬಜಾರಿನ ಆಟೋ ಹತ್ತಿದರು.

ಸುವರ್ಣಮ್ಮ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಮೈದುನನನ್ನೇ ನೋಡುತ್ತಿದ್ದಳು.

“ಬೀಳೂ ಮುಂದ ಏನರ ಅಂದ್ರೇನು?”

ಅವನು ತಲೆ ಎತ್ತಲಿಲ್ಲ.

“ತಮ್ಮಾ ಅಂದ. ಅಷ್ಟ.”