ಕೆಂಪುಸೆರಗಿನ ಉತಾರ

"ಒಂದು ಸಹಿ ಮಾಡಿದ್ರ ಎಲ್ಲಾ ಮುಗೀತೈತಿ ಅಂತಾರ್ರಿ. ನಾ ಮಾಡೂದಿಲ್ಲ."

ಮುಬಶೀರಾ ಮಡಚಿದ ಕಾಗದವನ್ನು ಮೇಜಿನ ಮೇಲೆ ಒಗೆದು, ಯಾರೂ ಕೂರೆನ್ನುವ ಮೊದಲೇ ಕುರ್ಚಿ ಎಳೆದುಕೊಂಡು ಕೂತಳು. ಹುನಗುಂದದ ನಾಗರತ್ನಾರ ಮನೆಗೆ ದೂರು ತಂದವರು ಹೊಸ್ತಿಲಲ್ಲೇ ಅಳುವುದನ್ನು ಅಕೀಲ ಬಹಳ ಸಲ ಕಂಡಿದ್ದ. ಈ ಹುಡುಗಿಯ ಕಣ್ಣು ಒಣಗಿತ್ತು. ಬೆರಳುಗಳು ಮಾತ್ರ ಮಗ್ಗದ ಮುಂದೆ ಕೂತಂತೆ ಸುಮ್ಮನಿರಲಿಲ್ಲ.

ನಾಗರತ್ನಾ ಕಾಗದ ಮುಟ್ಟಲಿಲ್ಲ. ವಕೀಲಿ ಬಿಟ್ಟ ಮೇಲೂ ಊರಿನ ಬಗೆಹರಿಯದ ಗಂಟುಗಳೆಲ್ಲ ಅವರ ಬಾಗಿಲಿಗೇ ಬರುತ್ತಿದ್ದವು. ಪೊಲೀಸರೂ ಒಮ್ಮೊಮ್ಮೆ ಚಹಾದ ನೆಪ ಮಾಡಿಕೊಂಡು ಬಂದು ಕೂರುತ್ತಿದ್ದರು. ನಾಗರತ್ನಾ ಕೇಳುತ್ತಿದ್ದ ಪ್ರಶ್ನೆಗಳು ಕಡಿಮೆ. ಎದುರಿನವರ ಮಾತು ನಿಂತ ಮೇಲೂ ಅವರು ಸುಮ್ಮನೆ ಕಾಯುತ್ತಿದ್ದರು. ಆ ಖಾಲಿ ಜಾಗ ತಾಳಲಾರದೆ ಜನ ಉಳಿದದ್ದನ್ನೂ ಹೇಳಿಬಿಡುತ್ತಿದ್ದರು. ಮಹಡಿಯ ಬಾಡಿಗೆದಾರ, ಕಾಲೇಜಿನಲ್ಲಿ ಇತಿಹಾಸ ಕಲಿಸುವ ಅಕೀಲ, ಅವರ ಜತೆ ತಿರುಗಿ ತಿರುಗಿ ಆ ಮೌನದ ಬೆಲೆ ಅರಿತಿದ್ದ.

ಮುಬಶೀರಾ ಹೇಳಿದ್ದು ಇಷ್ಟು. ಇಳಕಲ್ಲಿನ ಕೈಮಗ್ಗದ ನೇಕಾರರೆಲ್ಲ ಸೇರಿ ಹಿಂದಿನ ವರ್ಷ ಒಂದು ಸಂಘ ಕಟ್ಟಿ, ಸೀರೆಗಳನ್ನು ತಾವೇ ಇಂಟರ್ನೆಟ್ಟಿನಲ್ಲಿ ಮಾರಲು ಹೊರಟರು. ತಾಣದ ಹೆಸರು 'ಕೆಂಪುಸೆರಗು ಡಾಟ್ ಇನ್'. ಅದನ್ನು ನೋಡಿಕೊಳ್ಳುವವಳು ಮುಬಶೀರಾ. ಈಗ 'ಕೆಂಪುಸೆರಗು ಡಾಟ್ ಕಾಮ್' ಎಂಬ ಇನ್ನೊಂದು ತಾಣ ಎದ್ದು, ಅದೇ ಚಿತ್ರಗಳನ್ನು ತೋರಿಸಿ, ಪವರ್‌ಲೂಮ್ ಸೀರೆಗಳನ್ನು ಕೈಮಗ್ಗದವೆಂದು ಮಾರುತ್ತಿತ್ತು. ಮೊದಲ ಒಗೆತಕ್ಕೇ ಬಣ್ಣ ಬಿಟ್ಟ ಸೀರೆ ಕೊಂಡವರ ಬೈಗುಳಗಳು ಸಂಘಕ್ಕೆ ಬರುತ್ತಿದ್ದವು.

"ಡಾಟ್ ಕಾಮ್ ನಾನ ಕೊಂಡು ಮಾರೇನಿ ಅಂತಾರ. ತಪ್ಪೊಪ್ಪಿಕೊಂಡ್ರ ಸಂಘದಿಂದ ಸುಮ್ನ ಹೊರಗ ಕಳಸ್ತಾರಂತ. ಇಲ್ಲಂದ್ರ ಸಂಘ ಕೊಟ್ಟ ಮಗ್ಗಾನೂ ಕಸಗೋತಾರ. ಅದು ಹ್ವಾದ್ರ ನಾ ಏನ್ ಮಾಡ್ಲಿ? ಕೈಯಾಗ ಇರೂದ ಅದೊಂದು ಕಸಬು."

"ಯಾರು ಅಂತಾರ?"

"ಸೆಕ್ರೆಟರಿ ಶ್ರೀಶೈಲಣ್ಣ ಒದರಾಡ್ತಾನ್ರಿ. ನಮ್ಮ ಸೀರಿ ಕೊಳ್ಳೂ ಅಂಗಡಿ ವಿಜಯಮಹಾಂತೇಶ ಸಾವಕಾರ್ರು ಮಾತ್ರ ಮೆತ್ತಗ, 'ಹುಡುಗಿ ಐತಿ, ಕ್ಷಮಾ ಮಾಡ್ರಿ' ಅಂತಾರ. ಈ ಕಾಗದ ಅವರ ಬರೆಸಿದ್ದು."

ನಾಗರತ್ನಾ ಕಾದರು. ಮುಬಶೀರಾ ತಾಳಲಿಲ್ಲ.

"ಕ್ಷಮಾ ಯಾಕ ಬೇಕ್ರಿ ನಂಗ? ಹೆಸರು ಆರಿಸಿದ ಸಂಜೀನ ಕಂಪ್ಯೂಟರ್ ಅಂಗಡ್ಯಾಗ ಕುಂತು ಎರಡೂ ತಗೋಳಾಕ ನೋಡಿದೆ. ಡಾಟ್ ಕಾಮ್ ಸಿಗಲಿಲ್ಲ. ಹೇಳಿದ್ರ, ಡಾಟ್ ಇನ್ ಸಾಕು ಬಿಡು ಅಂದ್ರು. ಈಗ ಯಾರಿಗೂ ನೆನಪಿಲ್ಲ."

"ಹೆಸರು ಹೆಂಗ ಆರಿಸಿದ್ರಿ?"

ಎಳ್ಳ ಅಮಾವಾಸ್ಯೆಯಂದು ಮಗ್ಗಕ್ಕೆ ಬಿಡುವು. ಎಲ್ಲರೂ ಟೆಂಪೋ ಮಾಡಿಕೊಂಡು ಮಹಾಕೂಟದ ಗುಡಿಗೆ ಹೋಗಿದ್ದರು. ಹೆಸರಿಗಾಗಿ ಜಗಳ ಬೇಡವೆಂದು, ವಾರದ ಹಿಂದೆಯೇ ಸೂಚಿಸಿದ್ದ ಮೂರು ಹೆಸರುಗಳನ್ನು ಬರೆದು ದೇವರ ಮುಂದೆ ಚೀಟಿ ಹಾಕಿದರು. 'ಕೆಂಪುಸೆರಗು' ಹಿರಿಯ ನೇಕಾರ ಹುಲ್ಲಪ್ಪನ ಸೂಚನೆ. 'ಇಳಕಲ್ಲಸೊಬಗು' ಶ್ರೀಶೈಲನದು. 'ಕುಣಿಮಗ್ಗ' ಮುಬಶೀರಾಳದು. ಎಲ್ಲರಿಗಿಂತ ಚಿಕ್ಕವಳೆಂದು ಚೀಟಿ ಎತ್ತಿದವಳೂ ಅವಳೇ.

ನಾಗರತ್ನಾ ಲ್ಯಾಪ್‌ಟಾಪ್ ತೆರೆದರು. ಕಪ್ಪು ಪರದೆ, ಮಿನುಗುವ ಒಂದು ಗೆರೆ, ಚಿತ್ರವಿಲ್ಲ, ಗುಂಡಿಯಿಲ್ಲ.

"ಇದೇನ್ರಿ ಅಕ್ಕಾರ, ಕರೆಂಟ್ ಹ್ವಾದಂಗ ಐತಲ್ಲ?" ಎಂದ ಅಕೀಲ.

"ನಿನ್ನ ಇತಿಹಾಸದ ಪಾಠಕ್ಕಿಂತ ಬೆಳಕ ಐತಿ, ಕುಂಡ್ರು." ನಾಗರತ್ನಾ ಮುಬಶೀರಾಳ ಕಡೆ ತಿರುಗಿದರು. "ಹೊಲಕ್ಕ ಉತಾರ ಇರ್ತೈತಲ್ಲ, ಯಾರದು, ಯಾವಾಗಿಂದು ಅಂತ? ಇಂಟರ್ನೆಟ್ ಹೆಸರಿಗೂ ಉತಾರ ಇರ್ತೈತಿ. ಅದನ್ನ ಕೇಳೂ ಪದ 'ಹೂಇಸ್'. ಅದರ ಮುಂದ ಹೆಸರು ಬರದ್ರ ಸಾಕು."

'ಕೆಂಪುಸೆರಗು ಡಾಟ್ ಕಾಮ್' ಎಂದು ಬರೆದರು. ಸಾಲುಗಳು ಸರಸರನೆ ಇಳಿದವು. ಮಾಲೀಕನ ಹೆಸರಿರಬೇಕಾದಲ್ಲಿ 'ಗೋಪ್ಯ' ಎಂದಿತ್ತು. ಶ್ರೀಶೈಲ ಇದೇ ಉತಾರದ ಪ್ರಿಂಟು ತೆಗೆಸಿ ಮುಬಶೀರಾಳ ಮುಖಕ್ಕೆ ಹಿಡಿದಿದ್ದ; ಅದರಲ್ಲಿದ್ದ ತಾರೀಖೂ ಅಲ್ಲಿತ್ತು: ಹಿಂದಿನ ತಿಂಗಳದ್ದು, ಅವಳು ತರಬೇತಿಗೆಂದು ಬಾಗಲಕೋಟೆಯಲ್ಲಿದ್ದ ವಾರ. ನಾಗರತ್ನಾರ ಬೆರಳು ಅದರ ಮೇಲೆ ನಿಲ್ಲದೆ ಒಂದು ಸಾಲು ಕೆಳಗಿಳಿದು, ಅಲ್ಲೇ ಬಹಳ ಹೊತ್ತು ಕೂತಿತು. ಆಮೇಲೆ ಅವರು 'ಕುಣಿಮಗ್ಗ', 'ಇಳಕಲ್ಲಸೊಬಗು' ಎರಡನ್ನೂ ಕೇಳಿದರು. ಎರಡಕ್ಕೂ ಒಂದೇ ಉತ್ತರ: ಇಂಥ ಹೆಸರು ಯಾರ ಬಳಿಯೂ ಇಲ್ಲ.

"ಕಾಗದ ನಿನ್ನ ಹತ್ರಾನ ಇರ್ಲಿ, ಹರೀಬ್ಯಾಡ," ಎಂದರು ನಾಗರತ್ನಾ. "ಬೇಕಾಗ್ತೈತಿ."

ಮರುದಿನ ಇಳಕಲ್ಲಿನಲ್ಲಿ ಅವರು ನೇರ ಹುಲ್ಲಪ್ಪನ ಮನೆಗೆ ಹೋದರು. ಮುದುಕ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು, ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಕೆಂಪು ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಿದ್ದ. ಕಿಸೆಯಲ್ಲಿ ಫೋನಿಲ್ಲ, ಇದ್ದದ್ದು ಎಲೆ ಅಡಿಕೆ ಮಾತ್ರ.

"ಚೀಟಿ ಬರದವರು ಯಾರು, ಮುತ್ಯಾ?"

"ಸಾವಕಾರ. ಅವರದೊಂದು ಹೆಸರು ಇದ್ದಿಲ್ಲಲ್ಲ, ಅದಕ್ಕ. ಟವೆಲ್ಲಿನಾಗ ಹಿಡದಿದ್ರು, ಹುಡುಗಿ ಎತ್ತಿದ್ಳು."

"ಉಳಿದ ಎರಡು?"

ಹುಲ್ಲಪ್ಪನ ಕೈ ನಿಂತಿತು. "ನಮ್ಮ ಪದ್ಧತಿ ಉಳದದ್ದೂ ಬಿಚ್ಚಿ ತೋರಸೂದು. ಸೋತವ್ರಿಗೂ ಸಮಾಧಾನ ಆಗಬೇಕಲ್ಲ. ನಾ ಕೈ ಚಾಚಿದೆ. ಸಾವಕಾರ್ರು, 'ದೇವರು ಕೊಟ್ಟ ಮ್ಯಾಲ ಮತ್ತೇನ್ ನೋಡೂದು' ಅಂತ ಗುಡಿ ಹೊಂಡಕ್ಕ ಒಗದ್ರು. ಭಾಳ ಭಕ್ತಿ ಅವ್ರಿಗೆ."

ತನ್ನ ಮಾತು ತನಗೇ ಕೇಳಿಸಿದಂತೆ ಮುದುಕನ ಮುಖ ನಿಧಾನವಾಗಿ ಬದಲಾದದ್ದನ್ನು ಅಕೀಲ ನೋಡಿದ.

ಸಂಘದ ಹಾಲ್‌ನಲ್ಲಿ ಸಂಜೆ ಎಲ್ಲರೂ ಸೇರಿದರು. ವಿಜಯಮಹಾಂತೇಶ ಬಂದವರಿಗೆಲ್ಲ ತಾನೇ ನಿಂತು ಚಹಾ ಕೊಡಿಸಿದ. ಮುಬಶೀರಾಳಿಗೂ ಒಂದು ಕಪ್ಪು ನೀಡಿದ. ಅವಳು ತೆಗೆದುಕೊಳ್ಳಲಿಲ್ಲ.

"ಕಳ್ಳಿಗೆ ಸೊಕ್ಕು ಬ್ಯಾರೆ!" ಎಂದ ಶ್ರೀಶೈಲ, ಪ್ರಿಂಟನ್ನು ಝಾಡಿಸುತ್ತ. "ನೋಡ್ರಿ ಮೇಡಂ, ಹ್ವಾದ ತಿಂಗಳ ತಾರೀಖು. ಅಕಿ ಬಾಗಲಕೋಟ್ಯಾಗ ಇದ್ದಾಗ ಕೊಂಡಾಳ."

"ಶ್ರೀಶೈಲ, ನೀವು ಒಂದು ಸಾಲು ಮೊದಲ ನಿಂತ್ರಿ." ನಾಗರತ್ನಾ ಪರದೆಯನ್ನು ಜನರತ್ತ ತಿರುಗಿಸಿದರು. "ಈ ಹೆಸರುಗಳನ್ನ ವರ್ಷಕ್ಕೊಮ್ಮೆ ರೊಕ್ಕ ಕಟ್ಟಿ ಮುಂದುವರಿಸಬೇಕು. ಹ್ವಾದ ತಿಂಗಳು ಆದದ್ದು ಅದು. ಹೆಸರು ಹುಟ್ಟಿದ್ದು ಇಲ್ಲಿ, ಕೆಳಗಿನ ಸಾಲಿನಾಗ. ಓದ್ರಿ."

ಶ್ರೀಶೈಲ ಓದಿದ. ಮತ್ತೊಮ್ಮೆ ಓದಿದ. ಅವನ ದನಿ ಬಿದ್ದಿತು. "ಹ್ವಾದ ವರ್ಷ... ಎಳ್ಳ ಅಮಾಸಿ ಹಿಂದಿನ ದಿನ."

"ಈ ಉತಾರದ ಗಡಿಯಾರ ನಮ್ಮದಕ್ಕಿಂತ ಐದೂವರೆ ತಾಸು ಹಿಂದ. ಅದನ್ನ ಕೂಡಿಸಿದ್ರೂ ದಿನ ಬದಲಾಗೂದಿಲ್ಲ. ನೀವು ಮಹಾಕೂಟದಾಗ ಚೀಟಿ ಎತ್ತೂ ಹಿಂದಿನ ದಿನಾನ ಯಾರೋ ಗೆಲ್ಲೂ ಹೆಸರನ್ನ ಕೊಂಡಾರ. ಮುಬಶೀರಾ ಸಂಜಿಗೆ ಹ್ವಾದಾಗ ಅದು ಸಿಗಲಿಲ್ಲ ಅಂದದ್ದು ಖರೆ."

"ಆದ್ರ ಚೀಟಿ ಎತ್ತಿದಾಕಿ ಅಕಿನ ಅಲ್ಲ?" ಶ್ರೀಶೈಲ ಪಟ್ಟು ಬಿಡಲಿಲ್ಲ.

"ಗೆಲ್ಲಿಸೂದು ಅಕಿ ಕೈಯಾಗ ಇದ್ದಿದ್ರ ತನ್ನ 'ಕುಣಿಮಗ್ಗ' ಗೆಲ್ಲಸ್ತಿದ್ಳು. ಬರದಾಕಿ ಅಲ್ಲ, ಮಡಚಿದಾಕಿ ಅಲ್ಲ. 'ಕೆಂಪುಸೆರಗು' ಅಂದ ಹುಲ್ಲಪ್ಪ ಮುತ್ಯಾ ಆಸೆಯಿಂದ ಮೊದಲ ಕೊಂಡಿದ್ರು ಅನ್ನೂಣೇನು? ಅವರ ಕಿಸೆಯಾಗ ಎಲಿ ಅಡಿಕಿ ಬಿಟ್ಟು ಏನಿಲ್ಲ. ನೀವು ಶ್ರೀಶೈಲ, ಕೊಂಡಿದ್ರ ನಿಮ್ಮ 'ಇಳಕಲ್ಲಸೊಬಗು' ಕೊಂತಿದ್ರಿ. ಮೂರರಾಗ ಒಂದನ್ನ ಆರಿಸಿ ಕೊಂಡವರಿಗೆ, ದೇವರಿಗಿಂತ ಮೊದಲ ಉತ್ತರ ಗೊತ್ತಿತ್ತು."

ಅಕೀಲ ವಿಜಯಮಹಾಂತೇಶನನ್ನೇ ನೋಡುತ್ತಿದ್ದ. ಆ ಮೆತ್ತನೆಯ ಮುಖದ ನಗೆ ಹೋಗಿರಲಿಲ್ಲ, ಅದರೊಳಗಿನ ಜೀವ ಹೋಗಿತ್ತು.

"ಮೂರೂ ಹೆಸರು ಕೊಂಡಿದ್ರ ನಾ ಸೋಲ್ತಿದ್ದೆ, ಸಾವಕಾರ್ರ," ಎಂದರು ನಾಗರತ್ನಾ. "ಯಾವ ಹೆಸರು ಬಂದ್ರೂ ಹುಡುಗಿ ಸಂಜಿಗೇ ಹೋಗಿ ತಗೋತಾಳ ಅಂತ ನಿಮಗ ಗೊತ್ತಿತ್ತು. ಅಕಿಗಿಂತ ಮೊದಲ ಕೊಳ್ಳಬೇಕಿತ್ತು. ಒಂದ ಹೆಸರಿನ ರೊಕ್ಕದಾಗ ಮುಗಸೋಣ ಅಂತ ಮೂರು ಚೀಟ್ಯಾಗೂ ಒಂದ ಹೆಸರು ಬರದ್ರಿ. ಅದಕ್ಕ ಉಳದವು ಹೊಂಡಕ್ಕ ಹ್ವಾದ್ವು. ನೇಕಾರರು ತಾವ ಮಾರಾಕ ಹತ್ತಿದ್ರ ನಿಮ್ಮ ಅಂಗಡಿಗೆ ಯಾರು ಬರ್ತಾರ?"

"ಕಂಪ್ಯೂಟರ್ ಮುಟ್ಟಿದವ ಅಲ್ಲ ನಾ. ಎಲ್ಲೈತಿ ನನ್ನ ಹೆಸರು?"

"ಮುಚ್ಚೈತಿ, ಅಳಿಸಿಲ್ಲ. ಮುಂಜಾನೆ ಬಾಗಲಕೋಟಿ ಸೈಬರ್ ಠಾಣೆಗೆ ದೂರು ಕೊಟ್ಟೇನಿ. ಪೊಲೀಸರು ಕೇಳಿದ್ರ ಹೆಸರು ಮಾರಿದ ಕಂಪನಿ ಅದನ್ನ ತೆರೀಲೇಬೇಕು."

ವಿಜಯಮಹಾಂತೇಶ ಬಾಯಿ ತೆರೆದ. ಅಷ್ಟರಲ್ಲಿ ಹುಲ್ಲಪ್ಪ ಕೋಲೂರಿ ಎದ್ದು ಬಂದು ಅವನೆದುರು ನಿಂತ.

"ಸಾವಕಾರ. ಆ ಎರಡು ಚೀಟ್ಯಾಗ ಏನಿತ್ತು?"

ವಿಜಯಮಹಾಂತೇಶ ಒಂದು ಹೆಜ್ಜೆ ಹಿಂದೆ ಸರಿದ.

"ದೇವರ ಮುಂದ ನಾ ಕೈ ಚಾಚಿದ್ದೆ. ನೀ ಕೊಡಲಿಲ್ಲ. ಏನಿತ್ತು?"

ಈ ಸಲ ಕಾಯುತ್ತಿದ್ದವರು ನಾಗರತ್ನಾ ಒಬ್ಬರೇ ಅಲ್ಲ, ಇಡೀ ಹಾಲ್ ಕಾಯುತ್ತಿತ್ತು.

"ಅದ ಹೆಸರು," ಎಂದ ವಿಜಯಮಹಾಂತೇಶ, ನೆಲ ನೋಡುತ್ತ. "ಮೂರರಾಗೂ ಅದ."

ಗದ್ದಲ ಎದ್ದಿತು. ಶ್ರೀಶೈಲ ಮುಬಶೀರಾಳ ಬಳಿ ಬಂದು, "ತಂಗೀ, ನಂದು ತಪ್ಪಾತು. ಹೊಸಾ ಹೆಸರು ಇಟ್ಟು ಮತ್ತ ಶುರು ಮಾಡೂಣು. ಈ ಹೆಸರಿಗೆ ಮಸಿ ಹತ್ತೇತಿ," ಎಂದ.

"ಯಾಕ ಬಿಡಬೇಕು?" ಅವಳ ದನಿ ಹಾಲ್‌ನ ಕೊನೆಗೂ ಕೇಳಿಸಿತು. "ಹುಲ್ಲಪ್ಪ ಮುತ್ಯಾ ಇಟ್ಟ ಹೆಸರದು. ಮೋಸ ಚೀಟ್ಯಾಗಿತ್ತು, ಹೆಸರಿನಾಗ ಅಲ್ಲ. ಡಾಟ್ ಕಾಮ್ ಸೈತ ತಗೋತೇನಿ ನಾ. ಕೋರ್ಟಿಗೆ ಹೋಗಬೇಕಂದ್ರ ಹೋಗೂಣು."

ಅವಳು ಸೊಂಟದಿಂದ ತಪ್ಪೊಪ್ಪಿಗೆಯ ಕಾಗದ ತೆಗೆದಳು. ಎಲ್ಲರೂ ನೋಡುತ್ತಿದ್ದಂತೆ ಹರಿದಳು: ಒಂದು ತುಂಡು, ಎರಡು, ಮೂರು. ಮೂರನ್ನೂ ವಿಜಯಮಹಾಂತೇಶನ ಮುಂದೆ ಸಾಲಾಗಿ ಇಟ್ಟು, ಅವನ ಕಿಸೆಯ ಪೆನ್ನನ್ನು ತಾನೇ ತೆಗೆದು ಅವನ ಕೈಗೆ ಕೊಟ್ಟಳು.

"ಬರೀರಿ ಸಾವಕಾರ್ರ, ಕಳ್ಳ ಯಾರು ಅಂತ. ನಿಮ್ಮ ಹೆಸರು. ಮೂರರಾಗೂ ಒಂದ ಹೆಸರು ಬರದು ರೂಢಿ ಐತಲ್ಲ ನಿಮಗ. ಈ ಸಲಾನೂ ನಾನ ಎತ್ತತೇನಿ, ಆದ್ರ ಉಳದ ಎರಡೂ ಎಲ್ಲಾರ ಮುಂದ ಬಿಚ್ಚತೇನಿ."