ಅಗರಖೇಡಕ್ಕೆ ಹೋದ ಕಾರ್ಡು

“ಪುಸ್ತಕ ವಾಪಸ್ ಬಂದಿಲ್ಲಂತ ಕಾರ್ಡು ಹಾಕೇವಲ್ಲವಾ, ಮುಟ್ಟಲಿಲ್ಲೇನು?” ಅಂದರು ಲೈಬ್ರರಿ ಕೌಂಟರಿನ ಮಶಾಕಸಾಬರು.

“ಎಲ್ಲಿಗೆ ಹಾಕೀರಿ?”

“ನೀ ಬರದ ವಿಳಾಸಕ್ಕ. ಅಗರಖೇಡ, ಇಂಡಿ ತಾಲೂಕ. ಎಂಟು ದಿನಾ ಆತು.”

ಮೆಂಬರ್ ಆದ ದಿನ ಫಾರ್ಮಿನಲ್ಲಿ ಹಾಸ್ಟೆಲ್ಲಿನ ವಿಳಾಸ ಬರೆಯಬೇಕಿತ್ತು. ನಮ್ಮ ಕಡೆಯವರಿಗೆ ವಿಳಾಸವೆಂದರೆ ಹುಟ್ಟಿದ ಊರೇ. ಎರಡು ವರ್ಷದ ಬಿಡಾರ ವಿಳಾಸ ಹೇಗಾದೀತು! ಜಾಣೆ ಇಂದ್ರಾಬಾಯಿ, ಅಂದರೆ ನಾನು, ಅಪ್ಪನ ಹೆಸರನ್ನೂ ಸೇರಿಸಿ ಬರೆದಿದ್ದೆ.

ನಮ್ಮೂರಿಗೆ ಕಾರ್ಡು ಬಂದರೆ ಪೋಸ್ಟಿನವನು ಮೊದಲು ಓದುತ್ತಾನೆ, ಆಮೇಲೆ ಊರು, ಕೊನೆಗೆ ಅಪ್ಪ. ಹೋದ ವರ್ಷ, ಎಪ್ಪತ್ನಾಲ್ಕರಲ್ಲಿ, ಎಂ.ಎ.ಗೆ ಧಾರವಾಡಕ್ಕೆ ಕಳಿಸುವಾಗ ಅಪ್ಪ ಪರಸಪ್ಪ ಒಂದೇ ಮಾತು ಹೇಳಿದ್ದ: “ನಿನ್ನ ಬಗ್ಗೆ ಒಂದು ಕೆಟ್ಟ ಮಾತು ಕಿವಿಗೆ ಬಿತ್ತಂದ್ರ ಬಂದು ಟ್ರಂಕು ಹೊರಸ್ಕೊಂಡು ಹೋಗ್ತೇನಿ.”

ಅದಕ್ಕಿಂತ ದೊಡ್ಡ ಭಯ ಬೇರೆಯಿತ್ತು. ಆ ಪುಸ್ತಕ ನನ್ನ ಹತ್ತಿರ ಇರಲೇ ಇಲ್ಲ. ನನ್ನ ಲೈಬ್ರರಿ ಟಿಕೆಟ್ಟಿನ ಮೇಲೆ ಅದನ್ನು ಒಯ್ದವನು ಸೋಮನಿಂಗ.

ಬಸವನ ಬಾಗೇವಾಡಿ ಕಡೆಯ ಮಸೂತಿ ಎಂಬ ಊರಿನವನು, ನನಗಿಂತ ಒಂದು ವರ್ಷ ಮುಂದೆ. ಮೊದಲ ವಾರ ಕ್ಯಾಟಲಾಗಿನ ಡ್ರಾಯರುಗಳ ಮುಂದೆ ಕಣ್ಣು ಕಣ್ಣು ಬಿಡುತ್ತ ನಿಂತಿದ್ದಾಗ ಪಕ್ಕಕ್ಕೆ ಬಂದು ಪಿಸುಗುಟ್ಟಿದ್ದ.

“ಅವು ಪುಸ್ತಕಾ ಬರದವರ ಹೆಸರಿನ ಕಾರ್ಡು ರೀ. ವಿಷಯ ಹುಡುಕೋದಾದ್ರ ಈ ಕಡೆ ಬರ್ರಿ.”

“ಬರದವರನ್ನ ಹುಡುಕಾಕತ್ತೇನಿ,” ಎಂದು ಸುಳ್ಳು ಬಿಟ್ಟೆ.

“ಯಾರನ್ನ?”

ಒಂದು ಹೆಸರೂ ನೆನಪಾಗಲಿಲ್ಲ. ಅವನು ತುಟಿ ಕಚ್ಚಿ ನಗು ತಡೆದ. ಆ ತುಟಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದೆ, ಒಪ್ಪಿಕೊಳ್ಳುತ್ತೇನೆ.

ಅಂದಿನಿಂದ ಅವನೇ ಗುರು. ಕಾರ್ಡಿನ ನಂಬರು ಹಿಡಿದು ಕಪಾಟು ಹುಡುಕುವುದು, ಬೈಂಡು ಹಾಕಿಸಿಟ್ಟ ಹಳೆಯ ಪತ್ರಿಕೆಗಳನ್ನು ಕೇಳಿ ಪಡೆಯುವುದು, ಇಲ್ಲಿಲ್ಲದ ಪುಸ್ತಕವನ್ನು ಪುಣೆಯಿಂದ ತರಿಸುವುದು, ಎಲ್ಲ ಕಲಿಸಿದ. ಒಂದು ಟಿಕೆಟ್ಟಿಗೆ ಒಂದೇ ಪುಸ್ತಕ; ಅವನ ಟಿಕೆಟ್ಟುಗಳು ಮುಗಿದಾಗ ನನ್ನದೊಂದು ಕೊಟ್ಟೆ. ಹಾಗೆ ಕೊಟ್ಟರೆ ಮೆಂಬರ್‌ಶಿಪ್ಪೇ ರದ್ದು. ಗೊತ್ತಿದ್ದೂ ಕೊಟ್ಟೆ.

ಊರಿಗೆ ಕಾರ್ಡು ಹೋದ ಸುದ್ದಿ ಕೇಳಿ ಸೋಮನಿಂಗ ಪುಸ್ತಕ ಹಿಡಿದು ಲೈಬ್ರರಿಗೆ ಓಡಿ ಬಂದ. “ತಂಗಿ ಲಗ್ನದ ಗದ್ದಲದಾಗ ತಾರೀಖು ಮರತೆ. ನಿಮಗ ಹೇಳಲಾರದ ಟಿಕೆಟ್ ತಗೊಂಡಿದ್ದೆ ಅಂತ ಹೇಳ್ತೇನಿ, ನೀವು ಸುಮ್ಮನಿರ್ರಿ.”

“ಹುಚ್ಚು ಹಿಡದೈತೇನು? ಪರೀಕ್ಷಾ ತಿಂಗಳೈತಿ. ಲೈಬ್ರರಿ ಇಲ್ಲದ ಹೆಂಗ ಓದ್ತೀರಿ?”

“ನಿಮ್ಮಪ್ಪಾರು ನಿಮ್ಮನ್ನ ಊರಿಗೆ ಕರಕೊಂಡು ಹೋದ ಮ್ಯಾಲೆ ನಾ ಓದಿ ಏನ್ ಮಾಡ್ಲಿ?”

ಪುಸ್ತಕ ಕಸಿದುಕೊಳ್ಳಲು ಕೈ ಚಾಚುವಷ್ಟರಲ್ಲಿ ಬಾಗಿಲಲ್ಲಿ ಅಪ್ಪ ಕಂಡ. ತಲೆಗೆ ರುಮಾಲು, ಕೈಯಲ್ಲಿ ಕಾರ್ಡು. ಅಯ್ಯೋ ಶಿವನೇ, ಮುಗಿಯಿತು ಅಂದುಕೊಂಡೆ.

“ನನ್ನ ಮಗಳು ಪುಸ್ತಕ ಕದ್ದಾಳೇನ್ರಿ?” ಎಂದು ಅಪ್ಪ ಮಶಾಕಸಾಬರನ್ನು ಕೇಳಿದ. ಓದುತ್ತಿದ್ದವರೆಲ್ಲ ತಲೆಯೆತ್ತಿದರು.

ಸೋಮನಿಂಗ ಮುಂದೆ ಹೋಗಿ ಪುಸ್ತಕ ಇಟ್ಟ. “ತಪ್ಪು ನಂದ್ರಿ. ಅವರಿಗೆ ಗೊತ್ತಿಲ್ಲದಂಗ ಟಿಕೆಟ್ ತಗೊಂಡಿದ್ದೆ.”

ಸುಮ್ಮನಿದ್ದರೆ ನಾನು ಉಳಿಯುತ್ತಿದ್ದೆ. ಆದರೆ ಅವನನ್ನು ಕಳ್ಳನನ್ನಾಗಿ ಮಾಡಿ ನಾನು ಏನು ಓದಲಿ?

“ಸುಳ್ಳು, ಅಪ್ಪಾ. ನಾನ ಕೊಟ್ಟೇನಿ.”

“ಯಾಕ?”

“ಇವರು ಬೇಕು ನನಗ, ಅದಕ್ಕ.”

ಮಶಾಕಸಾಬರು ಕೆಮ್ಮಿದರು. “ಇಬ್ಬರ ಟಿಕೆಟ್ಟೂ ಇಲ್ಲಿಡ್ರಿ. ಇನ್ನ ಪುಸ್ತಕ ಮನಿಗಿ ಕೊಡೂದಿಲ್ಲ. ಬೇಕಾದ್ರ ಇಲ್ಲೇ ಕುಂತು ಓದ್ರಿ.”

ಅಪ್ಪ ಸೋಮನಿಂಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಯಾವೂರು?”

“ಮಸೂತಿ ರೀ.”

“ಪರೀಕ್ಷಾ ಮುಗದ ಮ್ಯಾಲೆ ಹಿರೇರನ್ನ ಕರಕೊಂಡು ಅಗರಖೇಡಕ್ಕ ಬಾ. ಒಬ್ಬನ ಬಂದ್ರ ಕಾಲು ಮುರೀತೇನಿ.”

ನನ್ನ ಕಡೆ ತಿರುಗಿಯೂ ನೋಡದೆ ಅಪ್ಪ ಮೆಟ್ಟಿಲಿಳಿದು ಹೋದ. ಟ್ರಂಕಿನ ಮಾತೆತ್ತಲಿಲ್ಲ.

ಸೋಮನಿಂಗನ ಹಣೆಯ ಮೇಲೆ ಬೆವರಿತ್ತು. “ಇಂದ್ರಾ,” ಅಂದ, ಮೊದಲ ಸಲ ‘ರೀ’ ಬಿಟ್ಟು. “ನನಗ ಭಾಳ ಹೆದರಿಕಿ ಆಗಾಕತ್ತೈತಿ.”

“ನನಗೂ. ಬರ್ತೀಯೋ ಇಲ್ಲೋ, ಅದನ್ನ ಹೇಳು.”

“ಬರ್ತೇನಿ,” ಅಂದ.