ಅವಳೆದುರು ಕೆಡದ ಕಾರು

"ನಿಮ್ಮ ಕಾರಿಗೆ ಏನೂ ಆಗಿಲ್ಲ. ನನ್ನ ಹತ್ರ ಮಾತಾಡ್ಬೇಕು ಅಂತಿದ್ರೆ ನೇರವಾಗಿ ಮಾತಾಡಿ. ಪಾಪ, ಇದರ ಮೇಲೆ ಯಾಕೆ ಗೂಬೆ ಕೂರಿಸ್ತೀರಿ?"

ಅವಳು ಬಾನೆಟ್ಟನ್ನು ಧಡ್ಡನೆ ಮುಚ್ಚಿದಳು. ಎದುರಿಗಿದ್ದವನ ಕಿವಿ ಕೆಂಪಾಯಿತು.

ಅವನು ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್. ಹತ್ತು ದಿನಗಳಲ್ಲಿ ಮೂರನೇ ಸಲ ಅದೇ ದೂರು ಹೊತ್ತು ಬಂದಿದ್ದ: ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ಮೂರು ಸಲವೂ ಅವಳು ಕೀ ತಿರುಗಿಸಿದೊಡನೆ ಅದು ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತ್ತು. ಬ್ಯಾಟರಿ ಸರಿಯಿತ್ತು, ಸ್ಟಾರ್ಟರ್ ಸರಿಯಿತ್ತು.

ಅಪ್ಪನ ನಂತರ ಒಂಬತ್ತು ವರ್ಷಗಳಿಂದ ಅವಳೇ ಆ ಗ್ಯಾರೇಜ್ ನಡೆಸುತ್ತಿದ್ದಳು. ಹೆಣ್ಣು ಮೆಕ್ಯಾನಿಕ್ಕನ್ನು ನೋಡಲೆಂದೇ ಇಲ್ಲದ ಸದ್ದು ಹುಟ್ಟಿಸಿಕೊಂಡು ಬರುವವರನ್ನು ಕಂಡು ಕಂಡು ಸಾಕಾಗಿತ್ತು. ಇವನು ಮಾತ್ರ ಆ ಗುಂಪಿಗೆ ಸೇರಬಾರದಿತ್ತು ಎಂದು ಮನಸ್ಸು ಹಟ ಹಿಡಿದದ್ದೇ ಅವಳ ಸಿಟ್ಟಿಗೆ ನಿಜವಾದ ಕಾರಣ.

"ನಿನ್ನೆ ಒಬ್ಬ ಅಜ್ಜಿಗೆ ಇನ್ಸುಲಿನ್ ಕೊಡೋದು ಮುಕ್ಕಾಲು ಗಂಟೆ ತಡ ಆಯ್ತು," ಅವನು ಮೆಲ್ಲಗೆ ಹೇಳಿದ. "ತಟ್ಟೆ ಮುಂದಿಟ್ಕೊಂಡು ಕಾಯ್ತಾ ಕೂತಿದ್ರು. ಅದೂ ನೆಪಾನಾ? ನಾಳೆ ಒಂದು ದಿನ ನನ್ನ ಜೊತೆ ಬನ್ನಿ. ಕಣ್ಣಾರೆ ನೋಡಿ."

ಬಿಡಿಭಾಗಗಳ ಕೌಂಟರಿನ ಹಿಂದಿನಿಂದ ಅವಳ ಅತ್ತಿಗೆ ತಲೆಯೆತ್ತದೆ ಹೇಳಿದಳು, "ಹೋಗಿ ಬಾರೇ. ಇಲ್ಲಿ ನಾನಿದೀನಿ, ಗ್ಯಾರೇಜೇನೂ ಓಡಿ ಹೋಗಲ್ಲ."

ಮರುದಿನ ಅವಳು ಟೂಲ್ ಬಾಕ್ಸನ್ನು ತೊಡೆಯ ಮೇಲಿಟ್ಟುಕೊಂಡು ಅವನ ಪಕ್ಕದ ಸೀಟಿನಲ್ಲಿ ಬಿಗಿಯಾಗಿ ಕೂತಳು. ಮೊದಲ ಮನೆಯಲ್ಲಿ ಅವನಿಗೆ ಐದೇ ನಿಮಿಷದ ಕೆಲಸ. ಕಾರು ಸರಾಗವಾಗಿ ಸ್ಟಾರ್ಟ್ ಆಯಿತು. ಅವಳು ಹುಬ್ಬು ಏರಿಸಿದಳು. ಅವನು ರಸ್ತೆ ನೋಡಿದ.

ಎರಡನೇ ಮನೆಯ ಕಿಟಕಿ ತೆರೆದಿತ್ತು. ಕಾರಿನಲ್ಲೇ ಕೂತಿದ್ದ ಅವಳಿಗೆ ಒಳಗೆ ಮಂಚದ ಮೇಲೆ ಒಬ್ಬ ಮುದುಕ ಕಂಡ. ನರ್ಸ್ ಮುದುಕನ ಮುಖ ಒರೆಸಿ, ಗಾಯದ ಪಟ್ಟಿ ಬದಲಿಸಿದ. ಇನ್ನೇನು ಹೊರಟ ಎನ್ನುವಾಗ ಜೇಬಿನಿಂದ ಬಾಚಣಿಗೆ ತೆಗೆದು, ಉಳಿದಿದ್ದ ನಾಲ್ಕು ಕೂದಲಿಗೆ ಓರೆ ಬೈತಲೆ ತೆಗೆದು, ಕನ್ನಡಿ ಹಿಡಿದ. ಮುದುಕ ಗಂಭೀರವಾಗಿ ಎಡಕ್ಕೂ ಬಲಕ್ಕೂ ತಿರುಗಿ ನೋಡಿಕೊಂಡು, ಒಪ್ಪಿಗೆಯೆಂಬಂತೆ ತಲೆಯಾಡಿಸಿದ.

ಅವಳು ತಟ್ಟನೆ ಡ್ಯಾಶ್‌ಬೋರ್ಡಿನತ್ತ ಕಣ್ಣು ತಿರುಗಿಸಿದಳು.

ಅವನು ಬಂದು ಕೀ ತಿರುಗಿಸಿದ. ಗುರ್ರ್, ಗುರ್ರ್, ಗುರ್ರ್. ಇಂಜಿನ್ ಹತ್ತಲಿಲ್ಲ.

"ಅಯ್ಯೋ, ನಿಜವಾಗ್ಲೂ ಕೆಟ್ಟಿದೆ!" ಅವಳ ಮುಖ ಅರಳಿತು.

"ಜಗತ್ತಲ್ಲಿ ಇದಕ್ಕೆ ಇಷ್ಟು ಖುಷಿ ಪಟ್ಟೋರು ನೀವೊಬ್ರೇ," ಎಂದ ಅವನು.

ಅವಳು ಆಗಲೇ ಬಾನೆಟ್ಟಿನೊಳಗೆ ಬಗ್ಗಿದ್ದಳು. ಪೆಟ್ರೋಲಿನ ವಾಸನೆ ಮೂಗಿಗೆ ರಪ್ಪನೆ ಬಡಿಯಿತು. "ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡ್ಕೊಳ್ಳಿ. ಹಾಂ, ಈಗ ತಿರುಗಿಸಿ." ಇಂಜಿನ್ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ಹತ್ತಿಕೊಂಡಿತು. "ಮೊದಲು ಅಜ್ಜಿ ಮನೆಗೆ. ಉಳಿದಿದ್ದು ಆಮೇಲೆ."

ಅಜ್ಜಿಗೆ ಆ ದಿನ ಸರಿಯಾದ ಹೊತ್ತಿಗೆ ಸೂಜಿ ಬಿತ್ತು.

ಮಧ್ಯಾಹ್ನ ಗ್ಯಾರೇಜಿಗೆ ಬಂದಮೇಲೆ ಅವಳು ಬಿಸಿ ಇಂಜಿನ್ನನ್ನು ಆರಿಸಿ, ಹದಿನೈದು ನಿಮಿಷ ಸುಮ್ಮನೆ ಬಿಟ್ಟು, ಸ್ಪಾರ್ಕ್ ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚಿದಳು. ಮೂರು ಒಣಗಿದ್ದವು. ಒಂದು ತೊಟ್ಟಿಕ್ಕುತ್ತಿತ್ತು.

"ಇಲ್ಲಿ ನೋಡಿ. ಈ ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಸರಿಯಾಗಿ ಮುಚ್ಕೊಳ್ತಿಲ್ಲ. ಇಂಜಿನ್ ಆಫ್ ಆದ್ಮೇಲೂ ಹನಿ ಹನಿಯಾಗಿ ಸೋರಿ ಒಳಗೆ ತುಂಬ್ಕೊಳ್ಳುತ್ತೆ. ರಾತ್ರಿಯೆಲ್ಲಾ ಬಿಟ್ರೆ ಆವಿಯಾಗಿ ಹೋಗುತ್ತೆ, ಅದಕ್ಕೇ ಬೆಳಗ್ಗೆ ತೊಂದರೆ ಇಲ್ಲ." ಕೈ ಒರೆಸಿಕೊಳ್ಳುತ್ತಾ ಅವಳು ದನಿ ತಗ್ಗಿಸಿದಳು. "ನೀವು ಇಲ್ಲಿಗೆ ತಂದ ತಕ್ಷಣ ನಾನು ಕೀ ತಿರುಗಿಸ್ತಿದ್ದೆ. ಸೋರೋಕೆ ಪುರುಸೊತ್ತೇ ಕೊಡ್ಲಿಲ್ಲ. ಆ ಅಜ್ಜಿ ಕಾಯೋ ಹಾಗಾಗಿದ್ದು ನನ್ನ ಆತುರದಿಂದ. ನಿಮ್ಮನ್ನ ಸುಳ್ಳುಗಾರ ಅಂದೆ ಬೇರೆ. ತಪ್ಪಾಯ್ತು."

ಅತ್ತಿಗೆ ಹೊಸ ಇಂಜೆಕ್ಟರ್ ತಂದುಕೊಟ್ಟಳು. ಅದನ್ನು ಕೂರಿಸಿ, ಪ್ಲಗ್ಗುಗಳನ್ನು ಒರೆಸಿ ಹಾಕಿ, ಇಂಜಿನ್ ಬಿಸಿ ಮಾಡಿ ಆರಿಸುವ ಹೊತ್ತಿಗೆ ಸಂಜೆ ಬಿಸಿಲು ಶಟರಿನ ತನಕ ಬಂದಿತ್ತು. ಪರೀಕ್ಷೆಗೆ ಮತ್ತೆ ಹದಿನೈದು ನಿಮಿಷ ಕಾಯಬೇಕು. ಇಬ್ಬರೂ ಗೋಡೆ ಬದಿಯ ಬೆಂಚಿನಲ್ಲಿ ಕೂತರು.

"ನೀವು ಅಂದಿದ್ದು ಪೂರ್ತಿ ತಪ್ಪಲ್ಲ," ಅವನು ತನ್ನ ಶೂ ನೋಡುತ್ತಾ ಹೇಳಿದ.

"ಏನು?"

"ನನ್ನ ಮನೆ ಪಕ್ಕದಲ್ಲೇ ಒಂದು ಗ್ಯಾರೇಜಿದೆ. ಮೊದಲ ಸಲ ಇಲ್ಲಿಗೆ ಬಂದಿದ್ದು ದಾರಿಯಲ್ಲಿ ಸಿಕ್ತು ಅಂತ. ಆಮೇಲೆ ಎರಡು ಸಲ ಇಡೀ ಊರು ದಾಟ್ಕೊಂಡು ಬಂದೆ."

ಅವಳಿಗೆ ಮೊದಲು ನಗು ಬಂತು, ಆಮೇಲೆ ನಾಚಿಕೆ. ಗ್ರೀಸು ಮೆತ್ತಿದ ಬೆರಳುಗಳನ್ನು ಮಡಿಲಲ್ಲಿ ಮುಚ್ಚಿಕೊಂಡಳು. ಅವನ ಕಣ್ಣು ಆ ಬೆರಳುಗಳ ಮೇಲೆಯೇ ಇತ್ತು. ಮಾತು ಎಲ್ಲಿಂದಲೋ ಶುರುವಾಗಿ ಎಲ್ಲೆಲ್ಲಿಗೋ ಹೋಯಿತು: ಅವಳ ಅಪ್ಪ, ಅವನ ತಂಗಿಯ ತುಂಟ ಮಕ್ಕಳು, ಹಟಮಾರಿ ರೋಗಿಗಳು.

"ಹದಿನೈದು ನಿಮಿಷ ಹೋಗಿ ಒಂದೂಕಾಲು ಗಂಟೆ ಆಯ್ತು!" ಅತ್ತಿಗೆಯ ಕೂಗು ಬಂತು.

ಅವಳು ದಡಬಡಿಸಿ ಎದ್ದು ಇಂಜಿನ್ ಮುಟ್ಟಿದಳು. ಬರೀ ಉಗುರುಬೆಚ್ಚಗೆ. "ಪರೀಕ್ಷೆ ಕೆಟ್ಟುಹೋಯ್ತು. ಮತ್ತೆ ಬಿಸಿ ಆಗ್ಬೇಕು ಅಂದ್ರೆ ಚೆನ್ನಾಗಿ ಓಡಿಸ್ಬೇಕು."

ಅತ್ತಿಗೆ ಕೌಂಟರಿನ ಹಿಂದೆ ಸೆರಗು ಬಾಯಿಗಿಟ್ಟುಕೊಂಡಳು.

ಊರಾಚೆಯ ರಸ್ತೆಯಲ್ಲಿ ಒಂದು ಸುತ್ತು ಹಾಕಿ, ಮರದ ಕೆಳಗೆ ಕಾರು ನಿಲ್ಲಿಸಿದರು. ಈ ಸಲ ಅವಳು ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಸರಿಯಾಗಿ ಹದಿನೈದು ನಿಮಿಷಕ್ಕೆ ಅವನು ಕೀ ತಿರುಗಿಸಿದ. ಅರೆಕ್ಷಣದಲ್ಲಿ ಇಂಜಿನ್ ಹತ್ತಿಕೊಂಡಿತು.

ಅವಳು ಚಪ್ಪಾಳೆ ತಟ್ಟಿದಳು. ಅವನು ಮಾತ್ರ ಸ್ಟೀರಿಂಗಿನ ಮೇಲೆ ಗದ್ದ ಊರಿದ.

"ಯಾಕೆ, ಮುಖ ಇಷ್ಟೇ ಇಷ್ಟಾಯ್ತು?"

"ಇನ್ನು ನಿಮ್ಮಲ್ಲಿಗೆ ಬರೋಕೆ ಕಾರಣ ಇಲ್ವಲ್ಲ."

ಅವಳು ಕಿಟಕಿಯಾಚೆ ನೋಡಿದಳು. ಕೆನ್ನೆ ಬೆಚ್ಚಗಾಗುತ್ತಿತ್ತು.

"ಕಾರಣ ಯಾಕೆ ಬೇಕು? ಸುಮ್ನೆ ಬಾ."

ಅವನು ಸರಕ್ಕನೆ ತಿರುಗಿದ. "ಏನಂದ್ರಿ? 'ಬಾ' ಅಂದ್ರಾ?"

"ಅಂದೆ," ಎಂದು ಅವಳು ಗೇರಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. "ಈಗ ರಸ್ತೆ ನೋಡ್ಕೊಂಡು ಓಡಿಸು."